ನೌಕರರ ಕ್ಯಾಬ್: ಲೆಕ್ಕಕ್ಕೆ ಸಿಗದ ಚಾಲಕನ ನಿದ್ದೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಡುರಾತ್ರಿ ಕಳೆದ ಮೇಲೆ ಸಂಚರಿಸಿದವರಿಗೆ ಒಂದು ದೃಶ್ಯ ಚಿರಪರಿಚಿತ. ಲಾರಿಗಳನ್ನು ಬಿಟ್ಟರೆ ಆ ಹೊತ್ತಿನಲ್ಲಿ ರಸ್ತೆಯನ್ನು ಆಳುವುದು ಹಳದಿ ಫಲಕದ ಬಿಳಿ ಕಾರುಗಳು. ಹಿಂದಿನ ಆಸನದಲ್ಲಿ ಪಾಳಿ ಮುಗಿಸಿದ ಇಬ್ಬರು ಮೂವರು ಯುವಕ ಯುವತಿಯರು ತಲೆ ವಾಲಿಸಿ ನಿದ್ರಿಸುತ್ತಿರುತ್ತಾರೆ. ವಾಹನದಲ್ಲಿ ಎಚ್ಚರವಾಗಿರಲೇಬೇಕಾದವನು ಒಬ್ಬನೇ. ಆತ ನಿಜಕ್ಕೂ ಎಷ್ಟು ಎಚ್ಚರವಾಗಿದ್ದಾನೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದ ಹೊಣೆ ಯಾರದ್ದು ಎಂದು ಹುಡುಕಹೊರಟರೆ ಮಾತ್ರ ವಿಚಿತ್ರವಾದ ಶೂನ್ಯವೊಂದು ಎದುರಾಗುತ್ತದೆ.

ಸಾವಿರಾರು ನೌಕರರನ್ನು ನಿತ್ಯ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಾಗಿಸುವ ಕಂಪನಿಯ ಬಳಿ ಸ್ವಂತದ್ದೆನ್ನುವ ವಾಹನಗಳು ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿ ಒಬ್ಬ ಗುತ್ತಿಗೆದಾರನೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. ಗುತ್ತಿಗೆದಾರನ ಬಳಿ ಕೆಲವು ಸ್ವಂತ ಕಾರುಗಳಿರಬಹುದು. ಉಳಿದವು 'ಅಟ್ಯಾಚ್' ಮಾಡಿಕೊಂಡ ಗಾಡಿಗಳು. ಅವುಗಳಲ್ಲಿ ಕೆಲವು ನಡುವೆ ಇನ್ನೊಬ್ಬ ಉಪಗುತ್ತಿಗೆದಾರನ ಮೂಲಕ ಬಂದಿರುತ್ತವೆ. ಕೊನೆಯ ಮೆಟ್ಟಿಲಲ್ಲಿ ಕುಳಿತವನು ಸಾಲ ಮಾಡಿ ಕಾರು ಕೊಂಡ ಚಾಲಕ. ಇಂಧನ, ಟೈರು, ವಿಮೆ, ಸರ್ವಿಸ್, ತೆರಿಗೆ, ಸಾಲದ ಕಂತು ಎಲ್ಲವೂ ಅವನ ಪಾಲಿಗೆ. ಅವನಿಗೆ ಬರುವ ಹಣ ಕಿಲೋಮೀಟರಿಗೆ ಇಷ್ಟು ಅಥವಾ ಟ್ರಿಪ್ಪಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಮೇಲಿನವರ ಕಮಿಷನ್ ಕಳೆದು, ಹಲವು ವಾರ ತಡವಾಗಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಏರ್ಪಾಡಿನಲ್ಲಿ ಕಣ್ಣಿಗೆ ಬೀಳುವುದು ಒಂದೇ ಸಂಗತಿ. ಅಪಾಯವನ್ನು ಪ್ರತಿಯೊಬ್ಬನೂ ತನಗಿಂತ ಕೆಳಗಿನವನಿಗೆ ವರ್ಗಾಯಿಸಿದ್ದಾನೆ. ಕೊನೆಗೆ ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ಹೆಗಲ ಮೇಲೆ ಅದು ಬಂದು ಕೂತಿದೆ. ಟೆಂಡರಿನಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿ ಕಡಿತವಾದರೆ ಅದು ಕಂಪನಿಯ ಪುಸ್ತಕದಲ್ಲಿ 'ದಕ್ಷತೆ' ಎಂದು ದಾಖಲಾಗುತ್ತದೆ. ಆ ರೂಪಾಯಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಅದು ಬಂದದ್ದು ಎರಡು ತಿಂಗಳು ಮುಂದಕ್ಕೆ ಹಾಕಿದ ಬ್ರೇಕ್ ಪ್ಯಾಡ್‌ನಿಂದ, ಸವೆದರೂ ಬದಲಿಸದ ಟೈರಿನಿಂದ, ಇಲ್ಲವೇ ಚಾಲಕ ಹಗಲಿನಲ್ಲಿ ಮಾಡಬೇಕಾಗಿದ್ದ ನಿದ್ದೆಯಿಂದ.

ನಿವೃತ್ತಿಯ ನಂತರ ಪರಿಚಿತರೊಬ್ಬರ ಸಂಸ್ಥೆಯ ಸಾರಿಗೆ ವೆಚ್ಚವನ್ನು ಪರಿಶೀಲಿಸಿ ಸಲಹೆ ನೀಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಡತಗಳನ್ನು ನೋಡುವುದಕ್ಕಿಂತ ಹೆಚ್ಚಿನ ವಿಷಯ ತಿಳಿದದ್ದು ಕಚೇರಿಯ ಹಿಂದಿನ ವಾಹನ ನಿಲ್ದಾಣದಲ್ಲಿ. ಪಾವಗಡದ ಕಡೆಯ ಒಬ್ಬ ಚಾಲಕ ರಾತ್ರಿಯಿಡೀ ಕಂಪನಿಯ ಟ್ರಿಪ್‌ಗಳನ್ನು ಮುಗಿಸಿ, ಬೆಳಗಿನ ಜಾವ ಆ್ಯಪ್ ತೆರೆದು ವಿಮಾನ ನಿಲ್ದಾಣದ ಬಾಡಿಗೆಯೊಂದನ್ನು ಹಿಡಿಯುತ್ತಿದ್ದ. ಮಲಗುವುದು ಯಾವಾಗಪ್ಪಾ ಎಂದು ಕೇಳಿದೆ. "ಗಾಡಿ ನಿಂತ್ರೆ ಇಎಂಐ ನಿಲ್ಲುತ್ತಾ ಸರ್?" ಎಂದ. ಅವನ ಮಾತಿನಲ್ಲಿ ದೂರಿನ ದನಿಯೇನೂ ಇರಲಿಲ್ಲ. ಸರಳವಾದ ಲೆಕ್ಕವೊಂದನ್ನು ನನಗೆ ತಿಳಿಸಿ ಹೇಳಿದಂತಿತ್ತು.

ಈ ಲೆಕ್ಕದ ಇನ್ನೊಂದು ಮಗ್ಗುಲನ್ನು ವಿಜ್ಞಾನ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕಾರ್ಯಕ್ಷಮತೆ ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಕುಸಿಯುತ್ತದೆ. ನಮ್ಮ ಮೋಟಾರು ವಾಹನಗಳ ಕಾಯ್ದೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ, ಅಂದರೆ ಶೇಕಡ 0.03 ದಾಟಿದರೆ, ಚಾಲಕನನ್ನು ಅಪರಾಧಿಯೆಂದು ಪರಿಗಣಿಸುತ್ತದೆ. ಮದ್ಯ ಸೇವಿಸಿ ಕಾರು ಓಡಿಸುವವನನ್ನು ಹಿಡಿಯಲು ರಸ್ತೆಯ ತಿರುವಿನಲ್ಲಿ ಪೊಲೀಸರು ಉಪಕರಣ ಹಿಡಿದು ನಿಂತಿರುತ್ತಾರೆ. ಹದಿನೆಂಟು ಗಂಟೆ ನಿದ್ರಿಸದವನು ಅದೇ ಉಪಕರಣಕ್ಕೆ ಊದಿ, ನಿರ್ದೋಷಿಯಾಗಿ ಮುಂದೆ ಸಾಗುತ್ತಾನೆ. ಮನುಷ್ಯನ ದೇಹ ಗಡಿಯಾರದಲ್ಲಿ ಜಾಗೃತಿ ಅತ್ಯಂತ ಕ್ಷೀಣವಾಗಿರುವ ಅವಧಿ ರಾತ್ರಿ ಎರಡರಿಂದ ಐದರವರೆಗೆ. ರಸ್ತೆ ಖಾಲಿಯಿರುವುದೂ ಆಗಲೇ, ವೇಗ ಹೆಚ್ಚುವುದೂ ಆಗಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಕಾರು ಸುಮಾರು 67 ಮೀಟರ್ ದೂರ ಯಾರ ಹತೋಟಿಯೂ ಇಲ್ಲದೆ ಕ್ರಮಿಸಿರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ಐದು ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ವಿರಾಮ ನೀಡಬೇಕೆಂದಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಅದಕ್ಕಿಂತ ಹೆಚ್ಚು ಸಾರಿಗೆ ಕಾರ್ಮಿಕರನ್ನು ನೇಮಿಸಿಕೊಂಡ ಸಂಸ್ಥೆಗಳಿಗೆ. ತನ್ನ ಕಾರನ್ನು ತಾನೇ ಓಡಿಸುವವನು ಯಾರ ಕಾರ್ಮಿಕ? ಕಾಗದದ ಮೇಲೆ ಆತ ಉದ್ಯಮಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಆ ಹಳೆಯ ಕಾಯ್ದೆ ವಿಲೀನಗೊಂಡಿದೆ. ಎಂಟು ಗಂಟೆಯ ಮಿತಿ ಅಲ್ಲಿಯೂ ಇದೆ, ಅದೂ 'ಕಾರ್ಮಿಕ'ನಿಗೇ. 2020ರಲ್ಲಿ ಕೇಂದ್ರ ಸರ್ಕಾರ ಆ್ಯಪ್ ಆಧಾರಿತ ಟ್ಯಾಕ್ಸಿಗಳಿಗೆ ಹೊರಡಿಸಿದ ಮಾರ್ಗಸೂಚಿ ಚಾಲಕ ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು ಲಾಗಿನ್ ಆಗಿರಕೂಡದು, ನಂತರ 10 ಗಂಟೆ ಬಿಡುವು ಪಡೆಯಬೇಕು ಎಂದು ಹೇಳಿತ್ತು. ರಾತ್ರಿ ಕಂಪನಿಯ ಕೆಲಸ, ಹಗಲು ಆ್ಯಪ್‌ನ ಕೆಲಸ ಮಾಡುವವನ ಗಂಟೆಗಳನ್ನು ಕೂಡಿಸಿ ನೋಡುವ ಕಣ್ಣು ಮಾತ್ರ ಎಲ್ಲಿಯೂ ಇರಲಿಲ್ಲ.

ಇದಕ್ಕೆ ಹೋಲಿಸಿ ನೋಡಬಹುದಾದ ಪ್ರಸಂಗವೊಂದು 2025ರ ಡಿಸೆಂಬರ್‌ನಲ್ಲಿ ನಡೆಯಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ, ರಾತ್ರಿ ಇಳಿಯುವಿಕೆಗೆ ಮಿತಿ ಹಾಕಿದ ನಿಯಮಗಳಿಗೆ ತಕ್ಕ ಸಿದ್ಧತೆ ಮಾಡಿಕೊಳ್ಳದ ದೇಶದ ಅತಿದೊಡ್ಡ ವಿಮಾನಯಾನ ಸಂಸ್ಥೆ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಪೈಲಟ್‌ನ ನಿದ್ದೆಯ ಬಗ್ಗೆ ದೇಶವೆಲ್ಲ ಚರ್ಚಿಸಿತು. ಚರ್ಚಿಸಿದ್ದು ಸರಿಯೂ ಹೌದು. ಆ ದಿನಗಳಲ್ಲಿ ದೇವನಹಳ್ಳಿಯಿಂದ ಪ್ರಯಾಣಿಕರನ್ನು ಮನೆಗೆ ಮರಳಿ ಕರೆತಂದ ಟ್ಯಾಕ್ಸಿ ಚಾಲಕರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರೆಂದು ಕೇಳಿದವರಿಲ್ಲ.

ಕಂಪನಿಗಳು ಸುರಕ್ಷತೆಯ ಬಗ್ಗೆ ಏನನ್ನೂ ಮಾಡಿಲ್ಲವೆಂದರೆ ಅದು ಅನ್ಯಾಯವಾದೀತು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು, ನಿತ್ಯದ ಚಾಲಕನ ಬದಲಿಗೆ ಬಂದವನೆಂದು ಹೇಳಿಕೊಂಡವನೊಬ್ಬ ಕರೆದೊಯ್ದು ಅತ್ಯಾಚಾರವೆಸಗಿ ಕೊಂದ ಪ್ರಕರಣ ಇಡೀ ಉದ್ಯಮವನ್ನು ನಡುಗಿಸಿತು. ಚಾಲಕರ ಪೂರ್ವಾಪರ ಪರಿಶೀಲನೆ, ಗುರುತಿನ ಚೀಟಿ, ಮೊದಲು ಹತ್ತುವ ಮತ್ತು ಕೊನೆಗೆ ಇಳಿಯುವ ನೌಕರಳು ಒಂಟಿಯಾಗಿರದಂತೆ ಮಾರ್ಗ ನಿಗದಿ, ಅಗತ್ಯವಿದ್ದಲ್ಲಿ ಕಾವಲುಗಾರ, ಮನೆ ತಲುಪಿದ ಮೇಲೆ ದೂರವಾಣಿ ಕರೆ, ಇವೆಲ್ಲ ಆ ನಂತರ ಬೇರೂರಿದ ಪದ್ಧತಿಗಳು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳಸೂಚಕ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾದವು. ಇವುಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ವ್ಯವಸ್ಥೆ ಚಾಲಕನನ್ನು ಕಾಣುವುದು ಸಂಶಯದ ವ್ಯಕ್ತಿಯಾಗಿ ಮಾತ್ರ. ದಣಿದ ವ್ಯಕ್ತಿಯಾಗಿ ಅಲ್ಲ. ಕಾರು ಎಲ್ಲಿದೆ ಎಂಬುದನ್ನು ಕ್ಷಣಕ್ಷಣವೂ ತಿಳಿಸುವ ಸಾಧನ ಅದು ಎಷ್ಟು ಗಂಟೆಯಿಂದ ಓಡುತ್ತಿದೆ ಎಂಬುದನ್ನೂ ತಿಳಿಸಬಲ್ಲದು. ನಾನು ನೋಡಿದ ಸಂಸ್ಥೆಯಲ್ಲಿ ಆ ದತ್ತಾಂಶದ ಬಳಕೆ ಎರಡೇ ಕೆಲಸಕ್ಕೆ: ಬಿಲ್ಲಿನ ಕಿಲೋಮೀಟರುಗಳನ್ನು ತಾಳೆ ನೋಡುವುದು, ತಡವಾಗಿ ಬಂದ ಚಾಲಕನಿಗೆ ದಂಡ ಹಾಕುವುದು.

ಈ ದಂಡದ ಪದ್ಧತಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸಿಲ್ಕ್ ಬೋರ್ಡ್ ಬಳಿ ಕಳೆದುಹೋದ ಇಪ್ಪತ್ತು ನಿಮಿಷಕ್ಕೆ ಚಾಲಕ ಕಾರಣನಲ್ಲ. ದಂಡ ತಪ್ಪಿಸಿಕೊಳ್ಳಲು ಆತ ಆ ಇಪ್ಪತ್ತು ನಿಮಿಷವನ್ನು ಖಾಲಿ ರಸ್ತೆ ಸಿಕ್ಕಿದಲ್ಲಿ ವಸೂಲು ಮಾಡಲೇಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ನಂತರ ವಾಹನ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯ ಭೌತಶಾಸ್ತ್ರ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವನ್ನೇ ಕಾರಣವೆಂದು ನಮೂದಿಸಲಾಗಿದೆ. ಆ ವೇಗದ ಹಿಂದೆ ಯಾವ ಒಪ್ಪಂದದ ಯಾವ ಕಲಂ ಇತ್ತು ಎಂದು ನಮೂದಿಸುವ ಜಾಗ ಪೊಲೀಸ್ ನಮೂನೆಯಲ್ಲಿ ಇಲ್ಲ.

ಇನ್ನು ವಾಹನದ ಆರೋಗ್ಯ. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ, ಜನರ ಮಾತಿನಲ್ಲಿ 'ಎಫ್‌ಸಿ', ಮಾಡಿಸಬೇಕು. ದಿನಕ್ಕೆ 200 ಕಿಲೋಮೀಟರ್ ಓಡುವ ಕ್ಯಾಬ್ ಒಂದು ಎಫ್‌ಸಿಯಿಂದ ಇನ್ನೊಂದು ಎಫ್‌ಸಿಗೆ ಹೋಗುವಷ್ಟರಲ್ಲಿ ಲಕ್ಷ ಕಿಲೋಮೀಟರ್ ದಾಟಿರುತ್ತದೆ. ಆ ನಡುವೆ ಅದರ ಬ್ರೇಕು, ಟೈರು, ಸ್ಟೇರಿಂಗ್ ನೋಡಬೇಕಾದವರು ಯಾರು? ಎಫ್‌ಸಿಯ ದಿನ ಎರವಲು ತಂದ ಟೈರುಗಳು ಮರುದಿನ ಮಾಲೀಕರಿಗೆ ಮರಳುವ ಕಥೆ ಆರ್‌ಟಿಒ ಕಚೇರಿಗಳ ಆಸುಪಾಸಿನಲ್ಲಿ ಹೊಸದೇನಲ್ಲ. ನಿಯಮದ ಪ್ರಕಾರ ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದು. ಮಳೆಗಾಲದ ಬೆಂಗಳೂರಿನಲ್ಲಿ ಅಷ್ಟೂ ಸಾಲದು ಎಂಬುದು ಅನುಭವಸ್ಥ ಚಾಲಕರ ಮಾತು. ಗಾಳಿ ಕಡಿಮೆಯಿರುವ ಟೈರು ಬಿಸಿಯಾಗಿ ಸಿಡಿಯುತ್ತದೆ, ಸಿಡಿಯುವ ಮುನ್ನ ಇಂಧನವನ್ನೂ ಹೆಚ್ಚು ಕುಡಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ಹಳತಾಗುತ್ತದೆ. ಕಂಪನಿಯ ವಿಹಾರಕ್ಕೆಂದು ಇದೇ ಕಾರುಗಳು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ, ಸತತವಾಗಿ ಬ್ರೇಕ್ ಒತ್ತಿ ಕಾದ ಆ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲ್ ಪೊಳ್ಳಾಗುತ್ತದೆ. ಇವೆಲ್ಲ ಕೆಲವು ನೂರು, ಕೆಲವು ಸಾವಿರ ರೂಪಾಯಿಗಳ ಕೆಲಸಗಳು. ಆದರೆ ಅಷ್ಟನ್ನೂ ಖರ್ಚು ಮಾಡಬೇಕಾದವನು ಸ್ವಂತ ಜೇಬಿನಿಂದ, ಒಂದು ದಿನದ ದುಡಿಮೆಯನ್ನೂ ಕಳೆದುಕೊಂಡು ಮಾಡಬೇಕು.

ಸರ್ಕಾರಿ ವಾಹನಗಳ ರೋಗ ಇದಕ್ಕೆ ತದ್ವಿರುದ್ಧ. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಜೀಪೊಂದರ ಬ್ರೇಕ್ ಲೈನಿಂಗ್ ಬದಲಿಸಲು ಅಂದಾಜು ಪಟ್ಟಿ, ತಾಂತ್ರಿಕ ಅನುಮೋದನೆ, ಅನುದಾನದ ಲಭ್ಯತೆ ಎಂದು ಕಡತ ಊರೂರು ಸುತ್ತಿ ಬರುವಷ್ಟರಲ್ಲಿ ಜೀಪು ಕಚೇರಿಯ ಹುಣಸೆಮರದ ಕೆಳಗೆ ತಿಂಗಳುಗಟ್ಟಲೆ ನಿಂತಿರುತ್ತಿತ್ತು. ಖಾಸಗಿ ಗಾಡಿ ಕಂತಿನ ಭಯಕ್ಕೆ ಕೆಟ್ಟರೂ ಓಡುತ್ತದೆ; ಸರ್ಕಾರಿ ಗಾಡಿ ಆಡಿಟ್ಟಿನ ಭಯಕ್ಕೆ ಸ್ವಲ್ಪ ಕೆಟ್ಟರೂ ನಿಲ್ಲುತ್ತದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಕೂಡದೆಂದು ಕೇಂದ್ರ ಆದೇಶ ಹೊರಡಿಸಿದ ಮೇಲಾದರೂ ಹುಣಸೆಮರಗಳಿಗೆ ಬಿಡುಗಡೆ ಸಿಕ್ಕಿರಬಹುದು.

ಚುನಾವಣೆಯ ಕಾಲದಲ್ಲಿ ಈ ಎರಡೂ ಲೋಕಗಳು ಒಂದೇ ಮೈದಾನದಲ್ಲಿ ಭೇಟಿಯಾಗುತ್ತವೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಮಿನ ಅಡಿಯಲ್ಲಿ ಜಿಲ್ಲಾಡಳಿತ ಖಾಸಗಿ ವಾಹನಗಳನ್ನು ವಶಕ್ಕೆ ಪಡೆಯುತ್ತದೆ. ಮತದಾನದ ಹಿಂದಿನ ದಿನ ಮತಗಟ್ಟೆ ಸಿಬ್ಬಂದಿಯನ್ನು ಹೊತ್ತು ಹೊರಡುವ ಬಸ್ಸು, ಮ್ಯಾಕ್ಸಿಕ್ಯಾಬ್, ಜೀಪುಗಳ ಸಾಲನ್ನು ಮೋಟಾರು ವಾಹನ ನಿರೀಕ್ಷಕರೊಡನೆ ನಡೆದು ನೋಡುವ ಕೆಲಸವನ್ನು ನಾನು ಹಲವು ಬಾರಿ ಮಾಡಿದ್ದೇನೆ. ಮುಂದಿನ ಚಕ್ರಕ್ಕೆ ರಿಸೋಲ್ ಟೈರು ಹಾಕಿದ ಗಾಡಿಗಳನ್ನೂ, ಸ್ಟೆಪ್ನಿಯೇ ಇಲ್ಲದ ಗಾಡಿಗಳನ್ನೂ ವಾಪಸು ಕಳಿಸಿದ್ದಿದೆ. ಆ ಸಾಲಿನಲ್ಲಿ ಎದ್ದು ಕಾಣುತ್ತಿದ್ದುದು ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು. ಬಣ್ಣ ಮಾಸಿದ್ದರೂ, ಆಸನ ಹರಿದಿದ್ದರೂ, ಗಾಡಿಯಲ್ಲಿ ಏನಿದೆ ಏನಿಲ್ಲ ಎಂಬುದು ಡಿಪೊದ ಪುಸ್ತಕದಲ್ಲಿ ಬರೆದಿರುತ್ತಿತ್ತು.

ಈ ಪುಸ್ತಕದ ಮಹತ್ವವನ್ನು ಖಾಸಗಿ ಕ್ಷೇತ್ರದ ವ್ಯವಸ್ಥಾಪಕರು ಅರಿಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ 120 ಬಸ್ಸುಗಳೊಡನೆ ಆರಂಭವಾಗಿ, 1961ರಲ್ಲಿ ನಿಗಮವಾದ ನಮ್ಮ ಸಾರಿಗೆ ಸಂಸ್ಥೆ ರೂಢಿಸಿಕೊಂಡ ಪದ್ಧತಿ ಸರಳವಾದದ್ದು. ಬಸ್ಸು ಡಿಪೊಗೆ ಮರಳಿದಾಗ ಚಾಲಕ ದೋಷಗಳನ್ನು ಬರೆದುಕೊಡುತ್ತಾನೆ: ಬ್ರೇಕ್ ಎಡಕ್ಕೆ ಎಳೆಯುತ್ತದೆ, ಕ್ಲಚ್ ಜಾರುತ್ತದೆ, ದೀಪ ಮಂಕಾಗಿದೆ. ಮೆಕ್ಯಾನಿಕ್ ಅದನ್ನು ಸರಿಪಡಿಸಿ ಸಹಿ ಹಾಕುತ್ತಾನೆ. ನಿತ್ಯದ ತಪಾಸಣೆ, ವಾರದ ತಪಾಸಣೆ, ನಿಗದಿತ ಕಿಲೋಮೀಟರಿಗೊಮ್ಮೆ ಗಾಡಿಯನ್ನು ಪೂರ್ತಿ ಬಿಚ್ಚಿ ನೋಡುವ 'ಡಾಕಿಂಗ್', ಅದಕ್ಕೂ ಮೀರಿದ ದುರಸ್ತಿಗೆ ಕೆಂಗೇರಿ, ಹಾಸನಗಳ ಪ್ರಾದೇಶಿಕ ಕಾರ್ಯಾಗಾರಗಳು. ಯಾವ ಚಾಲಕ ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂಬ ಲೆಕ್ಕ ಬೇರೆ. ಇಂಧನ ಉಳಿಸುವ ಚಾಲಕ ಸಾಮಾನ್ಯವಾಗಿ ಸುರಕ್ಷಿತ ಚಾಲಕನೂ ಹೌದು. ಎರಡಕ್ಕೂ ಬೇಕಾದದ್ದು ಒಂದೇ, ಮುಂದಿನ ರಸ್ತೆಯನ್ನು ದೂರದಿಂದಲೇ ಓದಿ, ಹಠಾತ್ತನೆ ಬ್ರೇಕ್ ಹಾಕುವ ಪ್ರಸಂಗ ಬಾರದಂತೆ ನೋಡಿಕೊಳ್ಳುವ ತಾಳ್ಮೆ.

ಸಾರಿಗೆ ನಿಗಮಗಳ ನಷ್ಟ, ಡಬಲ್ ಡ್ಯೂಟಿಯ ದೂರುಗಳು, ರಜೆಗಾಗಿ ಪರದಾಡುವ ಸಿಬ್ಬಂದಿ, ಇವೆಲ್ಲವೂ ನನಗೆ ಗೊತ್ತು. ಡಿಪೊಗಳು ನಂದನವನಗಳೇನಲ್ಲ. ಆದರೂ ಆ ಪದ್ಧತಿಯ ತಿರುಳು ಬೇರೆ ಕಡೆಯಿದೆ. ಡಿಪೊದ ಚಾಲಕ ದೋಷವನ್ನು ಬರೆದುಕೊಟ್ಟರೆ ಅದರಿಂದ ಅವನ ಸಂಬಳ ಕಡಿಮೆಯಾಗುವುದಿಲ್ಲ. ಆದ್ದರಿಂದ ಅದನ್ನು ಮುಚ್ಚಿಡುವ ಕಾರಣವೂ ಅವನಿಗಿಲ್ಲ. ಅಟ್ಯಾಚ್ ಗಾಡಿಯ ಚಾಲಕ ದೋಷವನ್ನು ಬಾಯಿಬಿಟ್ಟ ಮರುಕ್ಷಣ ಅವನ ಗಾಡಿ ಪಟ್ಟಿಯಿಂದ ಹೊರಬೀಳುತ್ತದೆ. ಕಂಪನಿಗಳು ಕಾಗದದ ಮೇಲೆ ಎಷ್ಟೇ ಉದ್ದದ ತಪಾಸಣಾ ಪಟ್ಟಿ ತಯಾರಿಸಲಿ, ಸತ್ಯ ಹೇಳಿದವನಿಗೆ ನಷ್ಟವಾಗುವ ಕಡೆ ಆ ಪಟ್ಟಿಯ ಎಲ್ಲ ಕಾಲಂಗಳಲ್ಲೂ 'ಸರಿಯಿದೆ' ಎಂಬ ಗುರುತೇ ಬೀಳುತ್ತದೆ.

ಹಾಗಾದರೆ ವೆಚ್ಚ ತಗ್ಗಿಸುವುದೇ ತಪ್ಪೇ? ಖಂಡಿತ ಅಲ್ಲ. ತಗ್ಗಿಸಬೇಕಾದ ಜಾಗ ಬೇರೆ. ಉದಾಹರಣೆಗೆ, 300 ನೌಕರರ ಪಾಳಿ ರಾತ್ರಿ ಹತ್ತಕ್ಕೆ ಒಟ್ಟಿಗೆ ಮುಗಿದರೆ, ಕಾರಿಗೆ ಮೂವರಂತೆ 100 ಕಾರುಗಳು ಒಂದೇ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತಿರಬೇಕು. ಅರ್ಧದಷ್ಟು ಜನರ ಪಾಳಿ ಹತ್ತಕ್ಕೆ, ಉಳಿದವರದು ಹನ್ನೊಂದೂವರೆಗೆ ಮುಗಿದರೆ, ಮನೆಗಳು ತೀರ ದೂರವಿಲ್ಲದಿದ್ದಲ್ಲಿ, 50 ಕಾರುಗಳು ಅವಸರವಿಲ್ಲದೆ ಎರಡು ಸುತ್ತು ಮುಗಿಸಬಲ್ಲವು. ವಿದ್ಯುತ್ ಮಂಡಳಿಗಳವರಿಗೆ ಗರಿಷ್ಠ ಬೇಡಿಕೆಯ ಸಮಸ್ಯೆಯೆಂದು ಚೆನ್ನಾಗಿ ಗೊತ್ತಿರುವ ವಿಷಯವೇ ಇದು. ಖಾಲಿ ಓಡುವ ಕಿಲೋಮೀಟರುಗಳು ಇನ್ನೊಂದು ದೊಡ್ಡ ಸೋರಿಕೆ. ಯಲಹಂಕದಲ್ಲಿ ಮಲಗುವ ಚಾಲಕನಿಗೆ ಎಲೆಕ್ಟ್ರಾನಿಕ್ ಸಿಟಿಯ ಮೊದಲ ಟ್ರಿಪ್ ಕೊಟ್ಟರೆ ಇಂಧನವೂ ಹಾಳು, ನಿದ್ದೆಯೂ ಹಾಳು. ಪಾಳಿಗಳ ವೇಳಾಪಟ್ಟಿಯನ್ನು ಮುಟ್ಟಲು ಯಾವ ವಿಭಾಗದ ಮುಖ್ಯಸ್ಥನೂ ಒಪ್ಪುವುದಿಲ್ಲವಾದ್ದರಿಂದ, ಸಾರಿಗೆ ವಿಭಾಗ ತನಗೆ ಎಟುಕುವ ಒಂದೇ ಗುಂಡಿಯನ್ನು ಒತ್ತುತ್ತದೆ. ಅದು ಗುತ್ತಿಗೆಯ ದರ.

ವಿದ್ಯುತ್ ಕಾರುಗಳು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವವರೂ ಇದ್ದಾರೆ. ಎಂಜಿನ್ ಆಯಿಲ್, ಕ್ಲಚ್ ಮುಂತಾದ ರಗಳೆಗಳು ಅಲ್ಲಿ ಇಲ್ಲ, ಬ್ರೇಕ್ ಪ್ಯಾಡುಗಳೂ ಹೆಚ್ಚು ಕಾಲ ಬಾಳುತ್ತವೆ. ಬ್ಯಾಟರಿಯ ಭಾರಕ್ಕೆ ಟೈರು ಮಾತ್ರ ಬೇಗ ಸವೆಯುತ್ತದೆ. ಚಾರ್ಜಿಂಗ್‌ಗೆ ಬೇಕಾದ ಹೊತ್ತನ್ನು ಚಾಲಕನ ವಿಶ್ರಾಂತಿಯೆಂದು ಲೆಕ್ಕ ಹಾಕುವ ಜಾಣತನವನ್ನು ನಾನು ಕಂಡಿದ್ದೇನೆ. ಚಾರ್ಜಿಂಗ್ ಕೇಂದ್ರದ ಸಾಲಿನಲ್ಲಿ ಗಾಡಿಯನ್ನು ಇಂಚಿಂಚು ಮುಂದಕ್ಕೆ ಸರಿಸುತ್ತಾ ಕೂರುವುದಕ್ಕೆ ವಿಶ್ರಾಂತಿ ಎಂಬ ಹೆಸರು ಸಲ್ಲದು.

ಮಾಡಬೇಕಾದದ್ದು ಒಪ್ಪಂದದ ಭಾಷೆಯಲ್ಲಿದೆ. ಟ್ರಿಪ್ಪಿನ ಲೆಕ್ಕ ಬಿಟ್ಟು ಚಾಲಕನಿಗೆ ತಿಂಗಳಿಗೆ ಕನಿಷ್ಠ ಮೊತ್ತವೊಂದನ್ನು ಖಾತರಿಪಡಿಸಿದರೆ ಮಾತ್ರ ಹಗಲಿನ ಬಾಡಿಗೆಯನ್ನು ಬಿಡು ಎಂದು ಅವನಿಗೆ ಹೇಳುವ ನೈತಿಕ ಹಕ್ಕು ಬರುತ್ತದೆ. ಟೈರು ಮತ್ತು ಬ್ರೇಕುಗಳ ವೆಚ್ಚವನ್ನು ದರದಿಂದ ಬೇರ್ಪಡಿಸಿ, ಕಿಲೋಮೀಟರಿಗೆ ತಕ್ಕಂತೆ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಪಾವತಿಸಬಹುದು. ದುರಸ್ತಿಗೆ ನಿಂತ ದಿನಕ್ಕೂ ಅರ್ಧ ಬಾಡಿಗೆ ಕೊಟ್ಟರೆ ದೋಷಗಳು ತಾವಾಗಿಯೇ ಹೊರಬರುತ್ತವೆ. ಗಾಜಿನ ಗೋಪುರಗಳ ಈ ನಗರದಲ್ಲಿ ಚಾಲಕನಿಗೆ ಕಾಲು ಚಾಚಿ ಮಲಗಲು ಒಂದು ಕೋಣೆ, ಒಂದು ಶೌಚಾಲಯ ಒದಗಿಸದ ಕಟ್ಟಡಗಳು ಎಷ್ಟಿವೆ ಎಂಬುದನ್ನು ನೋಡಲು ಯಾರೂ ಸಮಿತಿ ನೇಮಿಸಬೇಕಾಗಿಲ್ಲ. ರಾತ್ರಿ ಒಂದು ಗಂಟೆಗೆ ಯಾವುದಾದರೂ ಟೆಕ್ ಪಾರ್ಕಿನ ಹೊರಗಿನ ರಸ್ತೆಗೆ ಹೋದರೆ ಸಾಕು. ಆಸನ ಹಿಂದಕ್ಕೆ ಬಾಗಿಸಿ, ಕಾಲನ್ನು ಕಿಟಕಿಯ ಹೊರಗೆ ಚಾಚಿ ಮಲಗಿದವರ ಸಾಲು ಕಾಣಸಿಗುತ್ತದೆ.

ವೆಚ್ಚ ಏರುತ್ತದೆ ಎಂಬ ಆಕ್ಷೇಪಣೆ ಸಹಜ. ಸಂಬಳವೇ ಮುಖ್ಯ ವೆಚ್ಚವಾಗಿರುವ ಉದ್ಯಮದಲ್ಲಿ ಕಾರಿನ ದರದ ಏರಿಕೆ ಎಷ್ಟರ ಹೊರೆಯೆಂದು ಕಂಪನಿಗಳ ಲೆಕ್ಕಪರಿಶೋಧಕರೇ ಹೇಳಲಿ. ಹಾಗೆ ನೋಡಿದರೆ ಖಾಸಗಿಯವರಿಗೆ ಬುದ್ಧಿ ಹೇಳುವ ಮುನ್ನ ಸರ್ಕಾರ ತನ್ನ ಮನೆಯನ್ನು ನೋಡಿಕೊಳ್ಳಬೇಕು. ಸ್ವಂತ ಜೀಪು, ಸ್ವಂತ ಚಾಲಕರ ಕಾಲ ಮುಗಿಯುತ್ತಾ ಬಂದಿದೆ. ಅನೇಕ ಇಲಾಖೆಗಳು ಮಾಸಿಕ ಬಾಡಿಗೆಯ ಕಾರುಗಳನ್ನು 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ಟೆಂಡರ್ ಕರೆದು ಪಡೆಯುತ್ತವೆ, ಅತಿ ಕಡಿಮೆ ದರ ನಮೂದಿಸಿದವನಿಗೆ ಗುತ್ತಿಗೆ ಕೊಡುತ್ತವೆ. ಆ ಕಾರಿನ ಚಾಲಕ ಅಧಿಕಾರಿಯನ್ನು ರಾತ್ರಿ ಹನ್ನೊಂದಕ್ಕೆ ಮನೆಗೆ ಬಿಟ್ಟು ಬೆಳಗ್ಗೆ ಆರಕ್ಕೆ ಮತ್ತೆ ಬಾಗಿಲಲ್ಲಿ ಹಾಜರಿರುತ್ತಾನೆ. ಟೆಂಡರ್ ದಸ್ತಾವೇಜಿನಲ್ಲಿ ವಾಹನದ ಮಾದರಿ, ತಯಾರಿಕೆಯ ವರ್ಷ, ಸೀಟಿನ ಬಿಳಿ ಹೊದಿಕೆಯವರೆಗೆ ಷರತ್ತುಗಳಿರುತ್ತವೆ. ಚಾಲಕನ ದಿನದ ದುಡಿಮೆಯ ಅವಧಿ, ಎರಡು ಸರದಿಗಳ ನಡುವಿನ ಬಿಡುವು, ಟೈರು ಬದಲಿಸುವ ಕಿಲೋಮೀಟರ್ ಎಂಬ ಮೂರು ಷರತ್ತುಗಳನ್ನು ಅದಕ್ಕೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಸಚಿವ ಸಂಪುಟದ ಮುಂದೆ ಹೋಗಬೇಕಿಲ್ಲ. ಟೆಂಡರ್ ಕರೆಯುವ ಅಧಿಕಾರಿ ಮುಂದಿನ ಸಲ ಕರಡಿಗೆ ಸಹಿ ಹಾಕುವ ಮೊದಲು ಮೂರು ಸಾಲು ಬರೆದರೆ ಆಯಿತು.